ಉಣ್ಣೋರ ಬಾಯಿ ನೋಡಬ್ಯಾಡ

ನನ್ನ ಗೆಳೆಯನೊಬ್ಬ ರಾಯಚೂರಿನಲ್ಲಿ ಟಿಫಿನ್ ಹೋಟೆಲ್ ನಡೆಸುತ್ತಾನೆ. ಬೆಳಿಗ್ಗೆ ಇಡ್ಲಿ, ವಡೆ, ಮಂಡಾಳ ಒಗ್ಗರಣಿ, ಮಿರ್ಚಿ. ಹನ್ನೊಂದಕ್ಕೆ ಗಲ್ಲಾ ಬಿಟ್ಟು ಏಳುವ ಹೊತ್ತಿಗೆ ಅಂಗಿ ಬೆವರಿನಲ್ಲಿ ತೊಯ್ದಿರುತ್ತದೆ. ಮೇಲಿನ ಮಹಡಿ ಖಾಲಿ ಬಿದ್ದಿದೆ. ಅದಕ್ಕೊಂದು ದಾರಿ ಮಾಡಬೇಕು ಅಂತ ಬಹಳ ದಿನದಿಂದ ಅವನ ತಲೆಯಲ್ಲಿದೆ. ಮೊನ್ನೆ ಹೋದಾಗ ಚಹಾ ಮುಂದಿಟ್ಟು, ಮಗನ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಯಾವುದೋ ಊರಿನ ಹೋಟೆಲಿನಿಂದ ಜನ ಹೊರಗೆ ಬರುತ್ತಿದ್ದಾರೆ. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಅಂಗಿಯ ಮೇಲೆ ಚೆಲ್ಲಿದ ಸಾರು ತೋರಿಸಿ ನಗುತ್ತಿದ್ದಾರೆ. "ಕತ್ತಲದಾಗ ಊಟ ಹಾಕ್ತಾರಂತ. ನಮ್ಮೂರಾಗ ಯಾರೂ ಮಾಡಿಲ್ಲ. ನೀ ಹೈದರಾಬಾದಿನಾಗ ಇಂಥದ್ರಾಗ ಉಂಡು ಬಂದೀಯಲ್ಲ, ಹೇಳು, ಇಲ್ಲಿ ನಡೀತದೇನು?" ಅಂದ.

ಊಟ ಹೇಗಿತ್ತು ಅಂತ ಕೇಳಿದ್ದರೆ ಆಗಲೇ ಹೇಳಿಬಿಡುತ್ತಿದ್ದೆ. ಇಲ್ಲಿ ನಡೆಯುತ್ತದೋ ಇಲ್ಲವೋ ಅನ್ನುವುದಕ್ಕೆ ಬಾಯಿಗೆ ಬಂದ ಉತ್ತರ ಕೊಡಲು ಆಗಲಿಲ್ಲ. ವಿಡಿಯೊದಲ್ಲಿ ನಗುತ್ತಿದ್ದವರ ಹಿಂದೆ, ಬಾಗಿಲ ಬಳಿ, ಬಿಳಿ ಕೋಲು ಹಿಡಿದ ಒಬ್ಬ ಹುಡುಗ ನಿಂತಿದ್ದ. ಕ್ಯಾಮೆರಾ ಅವನ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಅವನನ್ನು ಯಾರೂ ಏನೂ ಕೇಳಲಿಲ್ಲ.

ಅವ್ವನಿಗೆ ಈ ಕತ್ತಲ ಊಟದ ಬಗ್ಗೆ ಯಾವ ಗೊಂದಲವೂ ಇಲ್ಲ. ಹೈದರಾಬಾದಿನಿಂದ ಬಂದು ನಾನು ವರದಿ ಒಪ್ಪಿಸಿದ ದಿನವೇ ತೀರ್ಪು ಕೊಟ್ಟಿದ್ದಳು. "ದುಡ್ಡು ಕೊಟ್ಟು ಕತ್ತಲದಾಗ ಉಂಡು ಬಂದೆಯೇನು? ಕರೆಂಟ್ ಹೋದಾಗೆಲ್ಲ ನಾ ಪುಗಸಟ್ಟೆ ಬಡಿಸೀನಲ್ಲ, ಅವಾಗ ಬ್ಯಾಡಾಗಿತ್ತು!" ಅವಳ ಮಾತಿನಲ್ಲಿ ಸತ್ಯ ಇದೆ. ಇಲ್ಲೇ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕರೆಂಟ್ ತಯಾರಾಗುತ್ತದೆ. ಎಂಟು ಘಟಕ, 1,720 ಮೆಗಾವ್ಯಾಟ್. ಆ ಚಿಮಣಿಗಳ ಹೊಗೆ ದೂರದಿಂದ ನೋಡುತ್ತಾ ಕಂದೀಲಿನ ಬೆಳಕಿನಲ್ಲಿ ಉಂಡು ಬೆಳೆದವರು ನಾವು. ಆದರೆ ಕರೆಂಟ್ ಹೋದ ಕತ್ತಲು ಪೂರ್ತಿ ಕತ್ತಲಲ್ಲ. ಎದುರು ಮನೆಯ ಕಂದೀಲು, ರಸ್ತೆಯಲ್ಲಿ ಹೋಗುವ ಬೈಕಿನ ದೀಪ, ಅಂಗಳಕ್ಕೆ ಬಂದರೆ ನಕ್ಷತ್ರ, ಯಾವುದೋ ಒಂದು ಇದ್ದೇ ಇರುತ್ತದೆ. ತಟ್ಟೆಯಲ್ಲಿ ಏನಿದೆ ಅಂತ ಕಾಣದಿದ್ದರೂ ತಟ್ಟೆ ಎಲ್ಲಿದೆ ಅಂತ ಕಾಣುತ್ತದೆ. ನಾನು ದುಡ್ಡು ಕೊಟ್ಟು ನೋಡಿದ, ಅಂದರೆ ನೋಡದ, ಕತ್ತಲು ಬೇರೆಯೇ.

ರೇಡಿಯಂ ಗಡಿಯಾರಕ್ಕೂ ಪ್ರವೇಶವಿಲ್ಲ

ರಾಯಚೂರಿನವರು ಹೈದರಾಬಾದಿಗೆ ಹೋಗುವುದು ಎರಡಕ್ಕೆ. ಒಂದು ಆಸ್ಪತ್ರೆ, ಇನ್ನೊಂದು ಮದುವೆ ಬಟ್ಟೆ. ನಾನು ಹೋದದ್ದು ಮೊದಲನೆಯದಕ್ಕೆ. ಕೆಲಸ ಬೇಗ ಮುಗಿಯಿತು. ಅಲ್ಲೇ ಕೆಲಸದಲ್ಲಿರುವ ತಂಗಿಯ ಮಗ "ಮಾಮಾ, ನಿಮಗೊಂದು ಹೊಸಾದು ತೋರಸ್ತೀನಿ ಬರ್ರಿ" ಅಂತ ಒಂದು ಮಾಲ್‌ಗೆ ಕರೆದುಕೊಂಡು ಹೋದ. ಹೊರಗಿನ ಕೋಣೆಯಲ್ಲಿ ಮೊಬೈಲು, ಕಡ್ಡಿಪೆಟ್ಟಿಗೆ, ರಾತ್ರಿ ಹೊಳೆಯುವ ಮುಳ್ಳಿನ ಗಡಿಯಾರ, ಎಲ್ಲ ಲಾಕರಿನಲ್ಲಿ ಇಡಿಸಿದರು. ಸಸ್ಯಾಹಾರವೋ ಮಾಂಸಾಹಾರವೋ, ಯಾವುದಾದರೂ ಒಗ್ಗುವುದಿಲ್ಲವೋ ಅಂತ ಮಾತ್ರ ಕೇಳಿದರು. ಏನು ಕೊಡುತ್ತಾರೆ ಅಂತ ಹೇಳಲಿಲ್ಲ. ಆಮೇಲೆ ಒಬ್ಬ ಹುಡುಗ ಬಂದ. ಅವನಿಗೆ ಕಣ್ಣು ಕಾಣದು. ಅವನ ಹೆಗಲ ಮೇಲೆ ನನ್ನ ಕೈ, ನನ್ನ ಹೆಗಲ ಮೇಲೆ ಅಳಿಯನ ಕೈ, ಅವನ ಹಿಂದೆ ಇನ್ನೊಂದಿಷ್ಟು ಜನ. ಪರದೆ ದಾಟಿ ಪರದೆ, ಒಂದೆರಡು ತಿರುವು. ಎರಡನೇ ತಿರುವಿನಲ್ಲಿ ಬೆಳಕು ಪೂರ್ತಿ ಹೋಯಿತು.

ಕಣ್ಣು ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಸ್ವಲ್ಪ ಹೊತ್ತು ಕೂತರೆ ಅಭ್ಯಾಸ ಆಗುತ್ತದೆ ಅಂದುಕೊಂಡಿದ್ದೆ. ಹಾಗೆ ಆಗಲು ಸಾಧ್ಯವೇ ಇಲ್ಲ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು, ಮೂವತ್ತು ನಿಮಿಷ ಬೇಕು ಅನ್ನುತ್ತಾರಲ್ಲ, ಅದು ಎಲ್ಲೋ ಒಂದಿಷ್ಟಾದರೂ ಬೆಳಕಿದ್ದಾಗಿನ ಮಾತು. ಬೆಳಕೇ ಇಲ್ಲದ ಕಡೆ ಕಣ್ಣು ಯಾವುದಕ್ಕೆ ಹೊಂದಿಕೊಳ್ಳಬೇಕು?

ಒಳಗೆ ಕೂತ ಕೂಡಲೇ ಎಲ್ಲರೂ ಮಾಡಿದ ಮೊದಲ ಕೆಲಸ ಜೋರಾಗಿ ಮಾತಾಡುವುದು. ಅಳಿಯ ಒಂದು ಮೊಳ ದೂರದಲ್ಲಿ ಕೂತು "ಮಾಮಾ, ಅದೀರೇನ್ರಿ?" ಅಂತ ಕೂಗುತ್ತಿದ್ದ. ಆ ಹುಡುಗ ಹಿಂದಿಯಲ್ಲಿ ನಗುತ್ತಾ ಹೇಳಿದ, ಮೆಲ್ಲಗೆ ಮಾತಾಡಿ, ನಿಮ್ಮವರು ಎಲ್ಲೂ ಹೋಗಿಲ್ಲ ಅಂತ. ನೀರಿನ ಲೋಟ ಬಲಕ್ಕೆ, ಚಮಚ ಅದರ ಪಕ್ಕ, ತಟ್ಟೆ ಮುಂದೆ, ಒಂದೊಂದನ್ನೂ ನಮ್ಮ ಕೈ ಹಿಡಿದು ಮುಟ್ಟಿಸಿದ. ನಾನು ಚಮಚ ಮುಟ್ಟಲಿಲ್ಲ. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿ ತಿನ್ನುವ ಕೈಗೆ ಕಣ್ಣಿನ ಸಹಾಯ ಅಷ್ಟೇನೂ ಬೇಕಾಗಿಲ್ಲ. ಅಳಿಯ ಮುಳ್ಳು ಚಮಚದಿಂದ ಬಹಳ ಹೊತ್ತು ತಟ್ಟೆ ಕೆರೆದ, ಆಮೇಲೆ ಸುಮ್ನೆ ಕೈ ಹಾಕಿದ.

ಕತ್ತಲಲ್ಲಿ ರುಚಿ ಹೆಚ್ಚುತ್ತದೆ ಅನ್ನುವುದು ಇಂಥ ಹೋಟೆಲುಗಳ ದೊಡ್ಡ ಮಾತು. ನನಗೆ ಹಾಗೆ ಅನ್ನಿಸಲಿಲ್ಲ. ಪನೀರ್ ಅಂತ ಖಾತ್ರಿಯಾಗಿ ತಿಂದದ್ದು ಆಲೂಗಡ್ಡೆ ಆಗಿತ್ತು ಅಂತ ಹೊರಗೆ ಬಂದ ಮೇಲೆ ತಿಳಿಯಿತು. ಕೊನೆಗೆ ಬಂದ ಹಣ್ಣನ್ನು ನಾನು ಮಾವು ಅಂದೆ, ಅಳಿಯ ಪಪ್ಪಾಯಿ ಅಂದ. ಅದು ಎರಡೂ ಅಲ್ಲ, ಅನಾನಸ್. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಫ್ರಾನ್ಸಿನ ಬೋರ್ಡೊದಲ್ಲಿ ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಹೇಳುವ ಮಾತುಗಳಲ್ಲೇ ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಪ್ರಯೋಗ ಅದು. ರುಚಿ ಅಂತ ನಾವು ಅನ್ನುವುದರಲ್ಲಿ ಹೆಚ್ಚಿನ ಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ನೆಗಡಿ ಆದಾಗ ಗುರೆಳ್ಳು ಚಟ್ನಿಯೂ ಮಣ್ಣಿನಂತಾಗುವುದು ಅದಕ್ಕೇ. ಆದರೆ ಆ ವಾಸನೆಗೆ ಇದು ಇಂಥದ್ದು ಅಂತ ಹೆಸರು ಕೊಡುವುದರಲ್ಲಿ ಕಣ್ಣಿನ ಕೈವಾಡ ಜಾಸ್ತಿ.

ರುಚಿಗಿಂತ ಬೇರೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಮೈ ಸಡಿಲವಾಗಿತ್ತು. ನಾಲ್ಕು ಜನರ ನಡುವೆ ಉಣ್ಣುವಾಗ ನಾನು ಸ್ವಲ್ಪ ಬಿಗಿಯಾಗಿ ಕೂರುವವನು. ಅವತ್ತು ಬೆನ್ನು ಬಾಗಿಸಿ, ತಟ್ಟೆ ಹತ್ತಿರ ಎಳೆದುಕೊಂಡು, ಬೆರಳು ನೆಕ್ಕುತ್ತಾ ಕೂತಿದ್ದೆ. ಯಾರೂ ನೋಡುವುದಿಲ್ಲ ಅನ್ನುವುದು ಹೊಟ್ಟೆಗೂ ಗೊತ್ತಾಗಿತ್ತು.

ಹಾಗಂತ ಎಲ್ಲವೂ ಅಳಿಸಿಹೋಗಿರಲಿಲ್ಲ. ನಮ್ಮ ಮಾತು ಕೇಳಿ ಎಡಗಡೆಯಿಂದ ಒಂದು ಧ್ವನಿ ಬಂತು. "ರಾಯಚೂರು ಕಡೆಯವರೇನ್ರಿ?" ಹೌದ್ರಿ ಅಂದೆ. "ನಮ್ದು ಸಿಂಧನೂರ್ ರೀ." ಆಮೇಲೆ ಎಡದಂಡೆ ಕಾಲುವೆ ನೀರು, ಸೋನಾ ಮಸೂರಿ ರೇಟು, ಮಗನ ಕಾಲೇಜು, ಎಲ್ಲ ಬಂತು. ಒಳ್ಳೆಯ ಮನುಷ್ಯ. ಮಾತಾಡುತ್ತಾ ಮಾತಾಡುತ್ತಾ ಧ್ವನಿ ತಗ್ಗಿಸಿ ಕೇಳಿದ, "ಅಂದಂಗ, ತಾವು ಯಾರ ಪೈಕಿ?" ಬೆಳಕಿದ್ದರೆ ಅವರು ಕೇಳಬೇಕಾಗಿರಲಿಲ್ಲ. ಹಣೆ ನೋಡಿ, ಕೊರಳು ನೋಡಿ, ಅರ್ಧ ಲೆಕ್ಕ ತಾವೇ ಹಾಕಿಕೊಳ್ಳುತ್ತಿದ್ದರು. ನಮ್ಮ ಕಡೆ ಸಾಲಿಗೆ ಕೂತಾಗ ಎಲೆಗಿಂತ ಮುಂಚೆ ಪಕ್ಕದವರನ್ನು ನೋಡುವುದು ರೂಢಿ. ಕಣ್ಣಿನ ಕೆಲಸ ನಿಂತ ಕೂಡಲೇ ಅದನ್ನು ಬಾಯಿ ವಹಿಸಿಕೊಂಡಿತು. "ಉಣ್ಣೋರ ಪೈಕಿ ರೀ" ಅಂದೆ. ಅವರು ಜೋರಾಗಿ ನಕ್ಕರು. ಅಳಿಯ ಮೇಜಿನ ಕೆಳಗೆ ನನ್ನ ಕಾಲು ಒದೆಯಲು ಹೋಗಿ ಬೇರೆ ಯಾರನ್ನೋ ಒದ್ದ.

ಗವಾಯಿಗಳು ಉಂಡದ್ದು

ನಾನು ಚಿಕ್ಕವನಿದ್ದಾಗ ನಮ್ಮ ಓಣಿಯ ಮಠದಲ್ಲಿ ಶ್ರಾವಣದ ತಿಂಗಳು ಪೂರ್ತಿ ಪುರಾಣ ನಡೆಯುತ್ತಿತ್ತು. ಈಗಲೂ ನಡೆಯುತ್ತದೆ, ಮೈಕು ಮಾತ್ರ ದೊಡ್ಡದಾಗಿದೆ. ಶಾಸ್ತ್ರಿಗಳು ಪುರಾಣ ಹೇಳುವುದು, ನಡುನಡುವೆ ಗವಾಯಿಗಳು ಹಾಡುವುದು, ತಬಲಾದವರು ಸಾಥ್ ಕೊಡುವುದು. ಹಾಡಲು ಬರುವವರು ಸಾಮಾನ್ಯವಾಗಿ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅವರು ಕಟ್ಟಿ ಬೆಳೆಸಿದ ಆಶ್ರಮದಲ್ಲಿ ಸಾವಿರಾರು ಮಕ್ಕಳು ಉಂಡು, ಕಲಿತು, ಊರೂರಿಗೆ ಹಾರ್ಮೋನಿಯಂ ಹೊತ್ತು ಹೋದರು. ನಮ್ಮ ಭಾಗದಲ್ಲಿ ಕಣ್ಣು ಕಾಣದವರೆಂದರೆ ಮೊದಲು ನೆನಪಾಗುವುದು ದನಿ.

ಪುರಾಣದ ತಿಂಗಳಲ್ಲಿ ಇವರ ಊಟ ದಿನಕ್ಕೊಂದು ಮನೆಯಲ್ಲಿ. ನಮ್ಮ ಪಾಳಿ ಬಂದ ದಿನ ಅವ್ವ ಬೆಳಗಿನಿಂದ ಒಲೆ ಮುಂದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಸಜ್ಜಕ. ಗವಾಯಿಗಳು ಬಂದರು. ಅವರಿಗೆ ಆಗ ಮೂವತ್ತರ ಆಸುಪಾಸು ಇರಬೇಕು. ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದೆವು. ಓಣಿಯ ಹುಡುಗರೆಲ್ಲ ನಮ್ಮ ಮನೆಗೆ ಬಂದಿದ್ದರು. ಕಣ್ಣು ಕಾಣದವರು ಹೇಗೆ ಉಣ್ಣುತ್ತಾರೆ ಅಂತ ನೋಡುವುದಕ್ಕೆ. ಗೋಡೆಗೆ ಒರಗಿ ಸಾಲಾಗಿ ಕೂತಿದ್ದೆವು. ದೊಡ್ಡವರೂ ಬಾಗಿಲ ಹತ್ತಿರ ನಿಂತಿದ್ದರು. ಅವ್ವ ತಟ್ಟೆ ಇಟ್ಟು "ಎಡಕ್ಕ ಚಟ್ನಿ ಅದ ರೀ, ಬಲಕ್ಕ ಬದನೀಕಾಯಿ, ನಡಕ ರೊಟ್ಟಿ" ಅಂದಳು. ಅವರು ತಟ್ಟೆಯ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿದರು, ಅಷ್ಟೇ. ರೊಟ್ಟಿ ಮುರಿದರು.

ನಾವು ಉಸಿರು ಬಿಗಿ ಹಿಡಿದು ನೋಡುತ್ತಿದ್ದೆವು. ತುತ್ತು ಎತ್ತಿದಾಗ ಬಾಯಿಗೇ ಹೋಗುತ್ತದೋ ಇಲ್ಲವೋ! ಅವರು ಎತ್ತಿದ ತುತ್ತನ್ನು ಹಾಗೇ ಹಿಡಿದು ನಿಲ್ಲಿಸಿದರು. "ಮಂದಿ ಭಾಳ ಕುಂತಾರೇನ್ರಿ ಇಲ್ಲಿ?" ಅಂದರು. ಯಾರೂ ಉತ್ತರ ಕೊಡಲಿಲ್ಲ. "ಉಸಿರು ಕೇಳ್ತದ, ಮಾತು ಕೇಳವಲ್ದು. ಯಾರರ ಮಾತಾಡ್ರೆಪಾ. ಅಂದ್ರ ನಾನೂ ಉಣ್ತೀನಿ" ಅಂದರು. ನಗುತ್ತಲೇ ಅಂದರು, ಆದರೆ ತುತ್ತು ಮಾತ್ರ ಕೈಯಲ್ಲೇ ಇತ್ತು.

ಅವ್ವ ಒಳಗಿನಿಂದ ಬಂದವಳೇ ನಮ್ಮನ್ನು ಬೈದಳು. "ಏ, ಉಣ್ಣೋರ ಬಾಯಿ ನೋಡಬ್ಯಾಡ್ರಿ! ಏಳ್ರಿ, ಹೊರಗ ನಡೀರಿ!" ದೊಡ್ಡವರಿಗೆ ಬೈಯಲಿಲ್ಲ, ಆದರೆ ಅವರೂ ಸರಿದರು. ನಾನು ಒಳ ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದೆ, ಅದು ಬೇರೆ ಮಾತು. ಅವ್ವ ಕಂಬಕ್ಕೆ ಒರಗಿ ಕೂತು ಮಾತಿಗೆ ಶುರು ಮಾಡಿದಳು. ಮಳೆ ಬಂತೇನ್ರಿ ನಿಮ್ಮ ಕಡೆ, ತಬಲಾದವರು ಯಾವ ಊರವರು, ನಿಮ್ಮ ಅವ್ವ ಅದಾಳೇನು. ಅವರು ಉಣ್ಣುತ್ತಾ ಉತ್ತರ ಕೊಟ್ಟರು. ರೊಟ್ಟಿ ಮೇಲೆ ರೊಟ್ಟಿ ಹಾಕಿಸಿಕೊಂಡರು. ಅವ್ವ ಮಾತಾಡುವಾಗ ಅವರ ತಟ್ಟೆಯ ಕಡೆ ನೋಡಲಿಲ್ಲ. ತನ್ನ ಕೈಯಲ್ಲಿದ್ದ ಪುಂಡಿ ಸೊಪ್ಪಿನ ಕಟ್ಟು ಬಿಡಿಸುತ್ತಾ, ಅದನ್ನೇ ನೋಡುತ್ತಾ ಮಾತಾಡಿದಳು. ತಟ್ಟೆ ಖಾಲಿಯಾದದ್ದು ಅವಳಿಗೆ ಹೇಗೆ ತಿಳಿಯುತ್ತಿತ್ತೋ, ಕೈ ತಟ್ಟೆಗೆ ತಗಲುವ ಸಪ್ಪಳಕ್ಕೇ ಎದ್ದು ಬಡಿಸುತ್ತಿದ್ದಳು.

ಹೈದರಾಬಾದಿನಲ್ಲಿ ಬೆನ್ನು ಬಾಗಿಸಿ ಬೆರಳು ನೆಕ್ಕುತ್ತಿದ್ದಾಗ ನನಗೆ ನೆನಪಾದದ್ದು ಗವಾಯಿಗಳ ಕೈಯಲ್ಲಿ ನಿಂತುಹೋದ ತುತ್ತು. ಕಣ್ಣು ಕಾಣದವರ ಊಟ ಹೇಗಿರುತ್ತದೆ ಅಂತ ತಿಳಿಯಲಿ ಅನ್ನುವುದಕ್ಕೇ ಈ ಕತ್ತಲ ಹೋಟೆಲು ಅನ್ನುತ್ತಾರಲ್ವಾ? ಗವಾಯಿಗಳಿಗೆ ಕತ್ತಲಿನಿಂದ ತೊಂದರೆ ಆಗಲಿಲ್ಲ. ತಟ್ಟೆಯ ಅಂಚು ಮುಟ್ಟಿದ್ದೇ ಅವರಿಗೆ ಸಾಕಾಯಿತು. ತೊಂದರೆ ಆದದ್ದು ಗೋಡೆಗೆ ಒರಗಿ ಕೂತಿದ್ದ ನಮ್ಮಿಂದ. ಆ ಹೋಟೆಲಿನಲ್ಲಿ ಎಲ್ಲ ಇತ್ತು, ಕತ್ತಲು, ತಡಕಾಟ, ಚೆಲ್ಲಿದ ಸಾರು. ಗೋಡೆಗೆ ಒರಗಿ ನೋಡುವವರು ಮಾತ್ರ ಇರಲಿಲ್ಲ. ಅವರೇ ಇಲ್ಲದ ಮೇಲೆ ಅದು ಯಾವ ಅನುಭವ?

ತಲೆ ತಗ್ಗಿಸಿ ಉಣ್ಣುವವರು

ಉಣ್ಣುವವರನ್ನು ನೋಡಬಾರದು ಅನ್ನುವುದಕ್ಕೆ ನಮ್ಮ ಕಡೆ ಕಾರಣ ನೆದರು. ಕೂಸಿಗೆ ಹಾಲು ಕುಡಿಸುವಾಗ ಸೆರಗು ಮರೆ ಮಾಡುತ್ತಾರೆ. ಊಟದ ನಂತರ ಹೊಟ್ಟೆ ನೋವು ಬಂದರೆ ಯಾರೋ ನೋಡಿದರು ಅಂತ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕುತ್ತಾರೆ. ಮೆಣಸಿನಕಾಯಿ ಘಾಟು ಬರದಿದ್ದರೆ ನೆದರು ಭಾಳ ಆಗೇದ ಅನ್ನುತ್ತಾರೆ. ನಾನು ಇದನ್ನೆಲ್ಲ ನಂಬುವುದಿಲ್ಲ. ಆದರೆ ಇದರ ಹಿಂದೆ ಒಂದು ತಿಳಿವಳಿಕೆ ಇದೆ ಅನ್ನಿಸುತ್ತದೆ. ನೋಡುವ ಕಣ್ಣು ಊಟದ ಮೇಲೆ ಏನೋ ಮಾಡುತ್ತದೆ. ತುತ್ತು ನಿಲ್ಲಿಸುತ್ತದೆ.

ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದ ಕಾಕಾ ಒಬ್ಬರಿದ್ದರು ನಮ್ಮ ಬಳಗದಲ್ಲಿ. ಲಿಂಗಸುಗೂರು ತಾಲೂಕಿನ ಆ ಗಣಿಯ ಕೆಳಗೆ ಕತ್ತಲು ಅಂದರೆ ಯಾರೂ ಟಿಕೆಟ್ ಹಚ್ಚದ ಕತ್ತಲು. ತಲೆಯ ಟೋಪಿಗೆ ದೀಪ, ಸೊಂಟಕ್ಕೆ ಅದರ ಬ್ಯಾಟರಿ. ಕೆಳಗೆ ಉಣ್ಣುವಾಗ ಏನು ಮಾಡುತ್ತಿದ್ದಿರಿ ಅಂತ ಒಮ್ಮೆ ಕೇಳಿದ್ದೆ. "ಬುತ್ತಿ ಬಿಚ್ಚೋದು, ತಲಿ ತಗ್ಗಿಸಿ ಉಣ್ಣೋದು" ಅಂದರು. ತಲೆ ಎತ್ತಿದರೆ ದೀಪ ಎದುರಿಗಿದ್ದವನ ಮುಖಕ್ಕೆ ಬೀಳುತ್ತದೆ, ಅವನಿಗೆ ಕಣ್ಣು ಕೋರೈಸುತ್ತದೆ. ಅದಕ್ಕೇ ಮಾತಾಡುವಾಗಲೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವಂತೆ. ದೀಪದ ವೃತ್ತ ಅವರವರ ಬುತ್ತಿಯ ಮೇಲೆ ಮಾತ್ರ. ನಿವೃತ್ತರಾಗಿ ಎಷ್ಟೋ ವರ್ಷ ಆದ ಮೇಲೂ ಕಾಕಾ ಮದುವೆ ಊಟದಲ್ಲಿ ಹಾಗೇ ತಲೆ ತಗ್ಗಿಸಿ, ತಟ್ಟೆಯನ್ನೇ ನೋಡುತ್ತಾ, ಪಕ್ಕದವರ ಜೊತೆ ಹರಟುತ್ತಿದ್ದರು. ಗೊತ್ತಿಲ್ಲದವರು ಸೊಕ್ಕು ಅಂದುಕೊಳ್ಳುತ್ತಿದ್ದರು.

ಇನ್ನು ಅವ್ವ. ಅವಳು ಉಂಡದ್ದನ್ನು ನಾನು ನೋಡಿದ ನೆನಪು ಬಹಳ ಕಡಿಮೆ. ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ, ಒಲೆಗೆ ಮುಖ ಮಾಡಿ. ಎಷ್ಟು ಉಳಿದಿತ್ತು, ಏನು ಉಳಿದಿತ್ತು, ನಮಗೆ ಗೊತ್ತಿಲ್ಲ. ಇಲ್ಲಿ ನೋಡದೆ ಇದ್ದದ್ದು ಮರ್ಯಾದೆಯಿಂದಲ್ಲ. ನೋಡುವ ಯೋಚನೆಯೇ ನಮಗೆ ಬರಲಿಲ್ಲ. ಅದಕ್ಕೇ ನೋಡದಿರುವುದೆಲ್ಲ ಒಳ್ಳೆಯದು ಅಂತ ನಾನು ಹೇಳಲಾರೆ.

ಪಾಪ

ಹೋಟೆಲಿನಿಂದ ಹೊರಗೆ ಬಂದಾಗ ಅಲ್ಲಿದ್ದವರ ಬಾಯಲ್ಲಿ ಒಂದೇ ಮಾತು. ಹಿಂದಿ, ತೆಲುಗು, ಇಂಗ್ಲಿಷು, ಭಾಷೆ ಯಾವುದಾದರೂ ಅರ್ಥ ಒಂದೇ: ಪಾಪ, ಒಂದು ತಾಸಿಗೇ ನಮಗೆ ಹೀಗೆ ಆಯಿತು, ಇವರಿಗೆ ಜನ್ಮವಿಡೀ ಹೀಗೆ. ಸಿಂಧನೂರಿನವರ ಕಣ್ಣಲ್ಲಂತೂ ನೀರೇ ಬಂದಿತ್ತು. ಒಂದು ದೊಡ್ಡ ನೋಟು ತೆಗೆದು ಆ ಹುಡುಗನ ಕೈಗೆ ತುರುಕಿದರು. ಆ ಹುಡುಗ ಅಷ್ಟು ಹೊತ್ತು ಏನು ಮಾಡಿದ್ದ? ಬಿಸಿ ತಟ್ಟೆಗಳನ್ನು ಹಿಡಿದು, ಕುರ್ಚಿಗಳ ನಡುವೆ, ಕಾಲು ಚಾಚಿ ಕೂತ ಅಪರಿಚಿತರ ನಡುವೆ, ಒಂದು ಹನಿ ಚೆಲ್ಲದೆ ಓಡಾಡಿದ್ದ. ಯಾರ ಧ್ವನಿ ಯಾವ ಕುರ್ಚಿಯಲ್ಲಿ ಅಂತ ನೆನಪಿಟ್ಟುಕೊಂಡು ಹೆಸರು ಹಿಡಿದು ಮಾತಾಡಿಸಿದ್ದ. ಒಳಗೆ ಕೈಲಾಗದವರು ನಾವು, ಹೊರಗೆ ಬಂದ ಕೂಡಲೇ ಪಾಪ ಅನ್ನಿಸಿಕೊಂಡವನು ಅವನು. ಈ ಲೆಕ್ಕ ಹೇಗೆ ಬಂತು?

ಇದು ನನ್ನೊಬ್ಬನ ಗುಮಾನಿ ಅಲ್ಲ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಿಯಲ್ ಸಿಲ್ವರ್‌ಮನ್ ಅನ್ನುವ ಮನೋವಿಜ್ಞಾನಿ, ಸ್ವತಃ ಕಣ್ಣು ಕಾಣದವರು, ಸಹೋದ್ಯೋಗಿಗಳ ಜೊತೆ ಇದನ್ನು ಪರೀಕ್ಷೆ ಮಾಡಿದ್ದಾರೆ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಸ್ವಲ್ಪ ಹೊತ್ತು ಕೆಲಸ ಮಾಡಿದ ಜನ, ಕಣ್ಣು ಕಾಣದವರು ನೌಕರಿ ಮಾಡುವುದು, ಸ್ವಂತವಾಗಿ ಬದುಕುವುದು ಕಷ್ಟ ಅಂತ ಹೆಚ್ಚಾಗಿ ನಂಬಿದರು. ಕನಿಕರ ಹೆಚ್ಚಿತು, ಭರವಸೆ ಇಳಿಯಿತು. ಕಾರಣ ಸರಳ. ಬಟ್ಟೆ ಕಟ್ಟಿಕೊಂಡವರಿಗೆ ಸಿಗುವುದು ಕಣ್ಣು ಹೋದ ಮೊದಲ ತಾಸಿನ ಅನುಭವ. ಹತ್ತು ವರ್ಷದ ಅಭ್ಯಾಸದ ಅನುಭವ ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ.

ಇಂಥ ಹೋಟೆಲುಗಳನ್ನು ಶುರು ಮಾಡಿದವರ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. 1988ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಆಂಡ್ರಿಯಾಸ್ ಹೈನೆಕ್, ಕಣ್ಣು ಕಳೆದುಕೊಂಡ ಒಬ್ಬ ಪತ್ರಕರ್ತನ ಜೊತೆ ಕೆಲಸ ಮಾಡಿದ ಮೇಲೆ, ಕತ್ತಲ ಪ್ರದರ್ಶನ ಆರಂಭಿಸಿದರು. ‘ಡೈಲಾಗ್ ಇನ್ ದ ಡಾರ್ಕ್’ ಅಂತ ಹೆಸರು. ಅದು ದೇಶದಿಂದ ದೇಶಕ್ಕೆ ಹೋಗಿ ಹೈದರಾಬಾದಿಗೂ ಬಂತು. ಕಾಯಂ ಕತ್ತಲ ಹೋಟೆಲ್ ಮೊದಲು ತೆರೆದದ್ದು 1999ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ, ‘ಬ್ಲಿಂಡೆಕು’. ಪ್ಯಾರಿಸ್ಸಿನಲ್ಲಿ 2004ರಲ್ಲಿ ಇನ್ನೊಂದು. ಜೂರಿಕ್‌ನ ಹೋಟೆಲ್ ಕಟ್ಟಿದ ಯೂರ್ಗ್ ಶ್ಪೀಲ್ಮನ್ ಕಣ್ಣು ಕಾಣದ ಪಾದ್ರಿ. ಅವರ ಮನೆಗೆ ಊಟಕ್ಕೆ ಬಂದವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವರ ಜೊತೆ ಉಂಡರಂತೆ, ಅಲ್ಲಿಂದಲೇ ಈ ವಿಚಾರ ಹುಟ್ಟಿತಂತೆ. ರುಚಿ ಹೆಚ್ಚಾಯಿತು ಅಂತ ಆ ಅತಿಥಿಗಳು ಹೇಳಿದ್ದೇ ಎಲ್ಲ ಕಡೆ ಬರೆದಿರುತ್ತಾರೆ. ಆ ರಾತ್ರಿಗಳಲ್ಲಿ ಯಾರೂ ನೋಡದೆ ಉಂಡ ಪಾದ್ರಿಗೆ ಹೇಗನ್ನಿಸಿರಬೇಕು ಅನ್ನುವುದು ನನ್ನ ಕುತೂಹಲ. ಅವರಿಗೆ ಬೇಕಾಗಿದ್ದದ್ದು ಮುಖ್ಯವಾಗಿ ತಮ್ಮಂಥವರಿಗೆ ಕೆಲಸ. ಕೆಲಸ ಸಿಕ್ಕಿತು ಕೂಡ. ಆ ಹೈದರಾಬಾದಿನ ಹುಡುಗನಿಗೂ ತಿಂಗಳ ಸಂಬಳ ಸಿಗುತ್ತದೆ, ಅದನ್ನು ನಾನು ಸಣ್ಣದು ಅನ್ನಲಾರೆ. 2011ರ ಜನಗಣತಿ ಪ್ರಕಾರ ದೇಶದಲ್ಲಿ ದೃಷ್ಟಿ ತೊಂದರೆ ಇರುವವರು ಸುಮಾರು 50 ಲಕ್ಷ. 2016ರ ಕಾಯ್ದೆ ಸರಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇಕಡಾ 4 ಮೀಸಲು ಇಡುತ್ತದೆ, ಆ ನಾಲ್ಕರಲ್ಲಿ ಒಂದು ಪಾಲು ಕಣ್ಣು ಕಾಣದವರಿಗೆ ಮತ್ತು ಮಂದ ದೃಷ್ಟಿಯವರಿಗೆ. ಮಿಕ್ಕವರು ನನ್ನ ಗೆಳೆಯನಂಥವರ ಬಾಗಿಲಿಗೇ ಬರಬೇಕು.

ಗಲ್ಲಾದ ಮೇಲೆ

ಹೋದ ವಾರ ಮತ್ತೆ ಹೋಟೆಲಿಗೆ ಹೋದೆ. ಗೆಳೆಯ ಮಹಡಿಗೆ ಕರೆದುಕೊಂಡು ಹೋಗಿ ಅಳತೆ ತೋರಿಸಿದ. ಕಿಟಕಿಗಳಿಗೆ ಪ್ಲೈವುಡ್ ಹೊಡೆಸುವುದು, ಒಳಗೆ ಕಪ್ಪು ಬಣ್ಣ. "ಲೈಟಿನ ಖರ್ಚಿಲ್ಲ ನೋಡು, ಬಿಲ್ ಉಳೀತದ" ಅಂದ. ನಾವಿಬ್ಬರೂ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದೆವು. ರಾಯಚೂರಿನ ಬ್ಯಾಸಿಗಿಯಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಜನರನ್ನು ಕೂರಿಸಬೇಕಾದರೆ ಎಸಿ ಬೇಕು, ಎಸಿಗೆ ಕರೆಂಟು ಬೇಕು, ಕರೆಂಟು ಹೋದರೆ ಜನರೇಟರ್ ಬೇಕು. ಲೆಕ್ಕ ಹಾಕುತ್ತಾ ಅವನ ಮುಖ ಇಳಿಯಿತು. ಕತ್ತಲ ಹೋಟೆಲ್ ಮಾಡುವುದಕ್ಕೆ ಇಷ್ಟು ಕರೆಂಟ್ ಬೇಕು ಅಂತ ಅವನಿಗೆ ಹೊಳೆದಿರಲಿಲ್ಲ.

ಆದರೂ ಬಿಡಲಿಲ್ಲ. "ಕಣ್ಣು ಕಾಣದ ಹುಡುಗರು ಸಿಗ್ತಾರಲ್ಲ? ಮ್ಯಾಲ ಬಡಸಲಿಕ್ಕೆ ನಾಕು ಮಂದಿ ಸಾಕು" ಅಂದ.

"ಮ್ಯಾಲ ಯಾಕ? ಕೆಳಗ ಕೊಡು ಕೆಲಸ."

"ಕೆಳಗ ಬೆಳಕದ ಮಾರಾಯ. ಕಣ್ಣು ಕಾಣದವ ಬಿಸಿ ಸಾಂಬಾರ ಹಿಡಕೊಂಡು ಬರೋದು ನೋಡಿದ್ರ ಗಿರಾಕಿ ಹೆದರಿ ಎದ್ದು ಹೋಗ್ತಾರ."

"ಮ್ಯಾಲೂ ಅದೇ ಸಾಂಬಾರ, ಅದೇ ಹುಡುಗ."

ಅವನು ಏನೋ ಹೇಳಲು ಹೋಗಿ ಸುಮ್ಮನಾದ. ಸಾಂಬಾರಿನ ಮಾತು ನಾನೂ ಹಟ ಹಿಡಿಯಲಿಲ್ಲ. ಬೆಳಗಿನ ಗದ್ದಲದಲ್ಲಿ, ಒಬ್ಬರ ಕಾಲು ಒಬ್ಬರು ತುಳಿಯುವ ಆ ಸಣ್ಣ ಜಾಗದಲ್ಲಿ, ಕಣ್ಣಿದ್ದ ಹುಡುಗರೇ ದಿನಕ್ಕೊಂದು ತಟ್ಟೆ ಬೀಳಿಸುತ್ತಾರೆ. ಕೆಳಗೆ ಇಳಿದು ಬಂದೆವು. ಗಲ್ಲಾದ ಹತ್ತಿರ ನಿಂತು, ಇಲ್ಲಿ ಕೂರಿಸು ಅಂದೆ. ನೋಟು ಹೇಗೆ ಗುರುತು ಹಿಡಿಯುತ್ತಾನೆ ಅಂದ. ಹೊಸ 100ರ ನೋಟಿನ ಮೇಲೆ ಮುಟ್ಟಿದರೆ ತಿಳಿಯುವ ತ್ರಿಕೋನ ಇದೆ, 500ರ ಮೇಲೆ ವೃತ್ತ ಇದೆ, ನೋಟಿನ ಉದ್ದವೂ ಬೇರೆ ಬೇರೆ. ಸವೆದ ನೋಟಾದರೆ ರಿಸರ್ವ್ ಬ್ಯಾಂಕಿನದೇ ‘ಮನಿ’ ಅಂತ ಒಂದು ಆ್ಯಪ್ ಇದೆ, 2020ರಲ್ಲಿ ಬಂದದ್ದು, ಕ್ಯಾಮೆರಾ ಮುಂದೆ ಹಿಡಿದರೆ ಎಷ್ಟರ ನೋಟು ಅಂತ ಹೇಳುತ್ತದೆ. ಇದನ್ನೆಲ್ಲ ಹೇಳುತ್ತಿರುವಾಗಲೇ ಒಬ್ಬ ಗಿರಾಕಿ ಮೊಬೈಲ್ ತೋರಿಸಿ ಹೋದ. ಗಲ್ಲಾದ ಮೇಲಿನ ಡಬ್ಬಿ ಇಷ್ಟು ರೂಪಾಯಿ ಬಂತು ಅಂತ ಕನ್ನಡದಲ್ಲಿ ಕೂಗಿತು. ಗೆಳೆಯ ಆ ಕಡೆ ತಿರುಗಿಯೂ ನೋಡದೆ "ಬಂತು, ನಡೀರಿ" ಅಂದ. ಅಂದಮೇಲೆ ಅವನಿಗೇ ನಗು ಬಂತು. ಹಗಲೆಲ್ಲ ಅವನ ಅರ್ಧ ವ್ಯಾಪಾರ ಹೀಗೇ, ಕಿವಿಯ ಮೇಲೆಯೇ ನಡೆಯುತ್ತಿತ್ತು.

"ನೆಟ್‌ವರ್ಕ್ ಹೋದ್ರ?" ಅಂದ.

"ನೆಟ್‌ವರ್ಕ್ ಹೋದ್ರ ನಿನಗೂ ಕಾಣಂಗಿಲ್ಲ."

"ಮಂದಿ ಮೋಸ ಮಾಡಿದ್ರ?"

"ನಿನಗ ಮಾಡಿಲ್ಲೇನು?"

ಇದಕ್ಕೆ ಅವನು ಉತ್ತರ ಕೊಡಲಿಲ್ಲ. ಮಿರ್ಚಿ ಬಾಣಲೆಯ ಕಡೆ ನೋಡುತ್ತಾ ಲೆಕ್ಕ ಹಾಕುತ್ತಿದ್ದ. ಪರಿಚಯದ ಒಬ್ಬ ಮಾಸ್ತರರ ಮಗ ಇದ್ದಾನೆ, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದಾನೆ, ಲೆಕ್ಕದಲ್ಲಿ ಚುರುಕು, ಕಣ್ಣು ಕಾಣದು, ಅಂತ ತಾನಾಗಿಯೇ ಹೇಳಿದ. ಕೇಳಿ ನೋಡುತ್ತೇನೆ ಅಂದ. ಮೊದಲು ಸಂಜೆ ಪಾಳಿಗೆ, ಗದ್ದಲ ಕಡಿಮೆ ಇರುವಾಗ. ಮಹಡಿಯ ಪ್ಲೈವುಡ್ಡಿನ ಮಾತು ಅಲ್ಲಿಗೆ ನಿಂತಿತು.

ಅಷ್ಟು ಹೊತ್ತು ಮೊಬೈಲ್ ಹಿಡಿದು ನಮ್ಮ ಮಾತು ಕೇಳುತ್ತಿದ್ದ ಮಗ ಬೇಸರದಿಂದ ಕೇಳಿದ, "ಅಂಕಲ್, ಆದ್ರ ಇದರಾಗ ಥೀಮ್ ಏನದ ರೀ?"